ಫಾಜಿಲನ ಪಾಲಿನ ನಾಲ್ಕು ಕಿಲೋ

ಜಯಪುರದ ಹಮಾಲಿ ಫಾಜಿಲ್ ತೀರಿಕೊಂಡದ್ದು 2008ರ ಆಗಸ್ಟ್‌ನಲ್ಲಿ, ರಂಜಾನ್ ತಿಂಗಳು ಹುಟ್ಟಲು ಹದಿನೈದು ದಿನ ಇರುವಾಗ. ಮೂವತ್ತಾರು ವರ್ಷ ವಯಸ್ಸು. ಮಣ್ಣು ಮಾಡಿ ಬಂದವರು ರಸ್ತೆ ಬದಿಯಲ್ಲಿ ಚಪ್ಪಲಿಯ ಕೆಸರು ಕೆರೆಯುತ್ತ ಒಂದೇ ಮಾತನ್ನು ತಿರುಗಾಮುರುಗಾ ಆಡಿದರು.

“ಉಪವಾಸ ಹಿಡ್ಕೊಂಡು ಹಗ್ಗ ಎಳೆಯೋಕೆ ಹೋದ ನೋಡು. ಅವತ್ತೇ ಮುಗಿದಿತ್ತು ಅವಂದು.”

“ಎಷ್ಟು ಹೇಳಿದ್ರೂ ಕೇಳಲಿಲ್ಲ ಮಾರಾಯ. ಒಂದು ಗುಟುಕು ನೀರು ಕುಡಿದಿದ್ರೆ ಇವತ್ತು ಇರ್ತಿದ್ದ.”

ರಘುಪತಿ ಅವರ ನಡುವೆಯೇ ನಿಂತಿದ್ದ. ಮಾತು ಸುಳ್ಳೆಂದು ಅವನಿಗೆ ಗೊತ್ತಿತ್ತು. ಸುಳ್ಳೆಂದು ಖಚಿತವಾಗಿ ಹೇಳಬಲ್ಲವನು ಊರಿನಲ್ಲಿ ಅವನೊಬ್ಬನೇ. ಆದರೂ ಅವನು ಬಾಯಿ ಬಿಡಲಿಲ್ಲ. ಮೂರು ವರ್ಷದಿಂದ ಬಿಟ್ಟಿರಲಿಲ್ಲ.

ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಏಳನೇ ಕ್ಲಾಸು ಮುಗಿಯುವಷ್ಟರಲ್ಲಿ ಫಾಜಿಲನ ಅಪ್ಪ ಅಬ್ದುಲ್ ಅಜೀಜ್ ಸಾಹೇಬರ ಸೊಂಟ ಹಿಡಿದುಕೊಂಡಿತು. ಮಗ ಶಾಲೆ ಬಿಟ್ಟು ಅಪ್ಪನ ಹೆಗಲಿಗೆ ಹೆಗಲು ಕೊಟ್ಟ. ರಘುಪತಿ ಪಿಯುಸಿವರೆಗೆ ಓದಿ, ಮುಂದೆ ಓದಿಸುವವರಿಲ್ಲದೆ, ಮಾರ್ಕೆಟ್ಟಿನ ಅಡಿಕೆ ಮಂಡಿಯೊಂದರಲ್ಲಿ ತೂಕ ನೋಡುವ ಕೆಲಸಕ್ಕೆ ಸೇರಿಕೊಂಡ. ಫಾಜಿಲ್ ಚೀಲ ತಂದು ತಕ್ಕಡಿಯ ಹಲಗೆಯ ಮೇಲಿಡುವುದು, ರಘುಪತಿ ದಂಡದ ಗುಂಡು ಸರಿಸಿ ತೂಕ ಕೂಗುವುದು. ಹೀಗೆ ಹದಿನೈದು ವರ್ಷ. ಬಿಡುವಿದ್ದಾಗ ರಘುಪತಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. ಫಾಜಿಲ್ ಚೀಲಗಳ ಮೇಲೆ ಅಂಗಾತ ಮಲಗಿ, “ಜೋರಾಗಿ ಓದಾ, ನಂಗೂ ಬುದ್ಧಿ ಬರಲಿ,” ಎನ್ನುತ್ತಿದ್ದ.

ಓದದೆ ಕಲಿತ ಒಂದು ವಿದ್ಯೆ ಫಾಜಿಲನಿಗಿತ್ತು. ಉಪವಾಸ ಇದ್ದುಕೊಂಡು ಭಾರ ಹೊರುವ ವಿದ್ಯೆ. ತೀರಿಹೋಗುವ ಮುಂಚೆ ಅದನ್ನು ಕಲಿಸಿದವರು ಅಜೀಜ್ ಸಾಹೇಬರು. ರಂಜಾನಿನಲ್ಲಿ ಅಕ್ಕಿ, ಗೊಬ್ಬರದಂಥ ಭಾರದ ಚೀಲಗಳನ್ನೆಲ್ಲ ಬೆಳಿಗ್ಗೆ ಹತ್ತರೊಳಗೆ ಇಳಿಸಿ ಮುಗಿಸಬೇಕು. ಬಿಸಿಲೇರಿದ ಮೇಲೆ ಚೀಲದ ಬಾಯಿ ಹೊಲಿಯುವುದು, ಗೋದಾಮು ಗುಡಿಸುವುದು, ಅಷ್ಟೇ. ಕುತ್ತಿಗೆಗೆ ಸದಾ ಒದ್ದೆ ಟವೆಲ್ಲು. ಮಾತು ಕಡಿಮೆ. ಸಂಜೆ ಉಪವಾಸ ಬಿಟ್ಟ ಮೇಲೆ ಗಟಗಟ ಕುಡಿಯುವಂತಿಲ್ಲ. ಬೆಳಗಿನ ಜಾವದ ಊಟದವರೆಗೆ ಸ್ವಲ್ಪಸ್ವಲ್ಪವಾಗಿ ಎಂಟು ಚೊಂಬು ನೀರು ಹೊಟ್ಟೆ ಸೇರಬೇಕು. ಆ ಊಟದಲ್ಲಿ ಉಪ್ಪಿನಕಾಯಿ, ಕರಿದ ತಿಂಡಿ ಬೇಡ. ರೊಟ್ಟಿ, ಮೊಸರು, ಎರಡು ಬಾಳೆಹಣ್ಣು ಸಾಕು. “ಅನ್ನ ಇಲ್ಲದೆ ಹೊರಬಹುದು ಬೇಟಾ, ನೀರಿಲ್ಲದೆ ಆಗಲ್ಲ,” ಎನ್ನುತ್ತಿದ್ದರಂತೆ ಸಾಹೇಬರು. ಮೊದಲ ಮೂರು ದಿನ ತಲೆ ಸಿಡಿಯುತ್ತದೆ, ಐದನೇ ದಿನಕ್ಕೆ ಮೈಗೆ ಬುದ್ಧಿ ಬರುತ್ತದೆ, ಹತ್ತನೇ ದಿನದ ಹೊತ್ತಿಗೆ ಚೀಲ ತಾನಾಗಿಯೇ ಬೆನ್ನು ಹತ್ತಿ ಕೂತ ಹಾಗೆ ಅನಿಸುತ್ತದೆ ಎಂದು ಫಾಜಿಲ್ ಹೇಳುತ್ತಿದ್ದ. ಇಪ್ಪತ್ತು ರಂಜಾನಿನಲ್ಲಿ ಅವನು ಒಂದು ಚೀಲವನ್ನೂ ಕೈಬಿಟ್ಟವನಲ್ಲ, ಒಂದು ದಿನದ ರೋಜಾವನ್ನೂ ಬಿಟ್ಟವನಲ್ಲ.

ಹಗ್ಗಜಗ್ಗಾಟದ ಹುಚ್ಚು ಊರಿಗೆ ಹತ್ತಿಸಿದವರು ವಾಸಪ್ಪ ಮೇಷ್ಟ್ರು. ಶಾಲೆಯಲ್ಲಿ ಆಟ ಆಡಿಸುವ ಮೇಷ್ಟ್ರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕುತ್ತಿಗೆಯಲ್ಲಿ ಸದಾ ಒಂದು ಸೀಟಿ. ಎಂಟು ಜನರನ್ನು ಒಟ್ಟುಮಾಡಿ ಹಗ್ಗ ಹಿಡಿಸಿದರು. ಉದ್ದ ಕೈಯ ರಘುಪತಿ ಎಲ್ಲರಿಗಿಂತ ಮುಂದೆ. ಫಾಜಿಲ್ ಎಲ್ಲರಿಗಿಂತ ಹಿಂದೆ. ಹಗ್ಗವನ್ನು ಕಂಕುಳಡಿಯಿಂದ ತಂದು, ಬೆನ್ನು ಬಳಸಿ, ಹೆಗಲ ಮೇಲೆ ಹಾಯಿಸಿಕೊಂಡು ಹಿಮ್ಮಡಿ ಊರಿದನೆಂದರೆ ಅವನನ್ನು ಕದಲಿಸುವುದಕ್ಕೆ ಜೀಪೇ ಬೇಕು ಎಂದು ಬೂತಪ್ಪ ಹೇಳುತ್ತಿದ್ದ. ಬೂತಪ್ಪ ಜೀಪಿನ ಡ್ರೈವರ್, ತಂಡದ ನಡುವಿನವನು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನುವವನೂ ಅವನೇ.

2005ರ ಅಕ್ಟೋಬರ್ ಕೊನೆಯ ಭಾನುವಾರ ನರಸಿಂಹರಾಜಪುರದಲ್ಲಿ ಪಂದ್ಯ ಇದೆಯೆಂದು ಗೊತ್ತಾಯಿತು. ಅಲ್ಲಿಯ ಒಂದು ಯುವಕ ಸಂಘದ್ದು, ಗೆದ್ದವರಿಗೆ ದೊಡ್ಡ ಕಪ್. ಹೊರಗಿನ ಜಿಲ್ಲೆಗಳ ತಂಡಗಳೂ ಬರುವುದಿತ್ತು. ಎಂಟು ಜನರ ಒಟ್ಟು ತೂಕ ಐನೂರ ಅರವತ್ತು ಕಿಲೋ ಮೀರಬಾರದು ಎಂಬುದು ನಿಯಮ. ಮೇಷ್ಟ್ರು ಎಲ್ಲರನ್ನೂ ಮಂಡಿಗೆ ಕರೆತಂದು ಅಡಿಕೆ ತೂಗುವ ತಕ್ಕಡಿಯ ಮೇಲೆ ಹತ್ತಿಸಿದರು. ರಘುಪತಿ ತೂಕ ಕೂಗಿ, ಒಂದು ಚೀಟಿಯಲ್ಲಿ ಬರೆದು ಕೂಡಿಸಿದ. ಐನೂರ ಅರವತ್ತೇಳು.

“ಏಳು ಕಿಲೋ ಜಾಸ್ತಿ,” ಎಂದರು ಮೇಷ್ಟ್ರು. “ಬೂತಪ್ಪಾ, ಮೂರು ವಾರ ಕಡುಬು ಬಿಡ್ತೀಯನಾ?”

“ಜೀವ ಬೇಕಾದ್ರೆ ಬಿಡ್ತೀನಿ ಮೇಷ್ಟ್ರೇ, ಕಡುಬು ಬಿಡು ಅನ್ಬೇಡಿ.”

ಎಲ್ಲರೂ ನಕ್ಕರು. ಆಗ ಮೇಷ್ಟ್ರು ಫಾಜಿಲನ ಕಡೆ ತಿರುಗಿದರು. ರಂಜಾನ್ ಶುರುವಾಗಿ ಮೂರನೆಯ ದಿನ. ಅವನು ಗೋಡೆಗೆ ಒರಗಿ, ಒದ್ದೆ ಟವೆಲ್ಲು ಹೊದ್ದು ಕೂತಿದ್ದ.

“ಇವನಿಗೆ ಹೇಗೂ ತಿಂಗಳೆಲ್ಲ ಉಪವಾಸ. ತಾನಾಗಿ ಇಳಿಯುತ್ತೆ. ನಾಲ್ಕು ಕಿಲೋ ಫಾಜಿಲನ ಪಾಲಿಗೆ ಹಾಕು ರಘು. ಉಳಿದ ಮೂರು ನೀವು ಏಳು ಜನ ಹಂಚ್ಕಳಿ.”

“ಹಾಕಿ, ಹಾಕಿ,” ಎಂದ ಫಾಜಿಲ್. “ಯಾರ ಭಾರ ಆದ್ರೂ ಹೊರೋದೇ ನನ್ನ ಕಸುಬು.”

ರಘುಪತಿ ಚೀಟಿಯ ಕೆಳಗೆ ‘ಫಾಜಿಲ್ – 4’ ಎಂದು ಬರೆದ. ಎಲ್ಲರಿಗೂ ಅದು ಸರಿಯಾಗಿಯೇ ಕಂಡಿತು. ಒಬ್ಬನ ಉಪವಾಸವನ್ನು ಎಂಟು ಜನರ ಲೆಕ್ಕಕ್ಕೆ ಸೇರಿಸಿಕೊಂಡೆವು ಎಂದು ಯಾರ ಮನಸ್ಸಿಗೂ ಬರಲಿಲ್ಲ.

ಅದೇ ವಾರ ರಘುಪತಿಗೆ ಒಂದು ವಾರಪತ್ರಿಕೆಯಲ್ಲಿ ಆರೋಗ್ಯದ ಲೇಖನ ಸಿಕ್ಕಿತು. ಹಸಿದಾಗ ದೇಹ ಏನು ಮಾಡುತ್ತದೆ ಎಂಬುದರ ಬಗ್ಗೆ. ಹೊಟ್ಟೆಯಲ್ಲಿದ್ದದ್ದು ಖರ್ಚಾದ ಮೇಲೆ ದೇಹ ಕೂಡಿಟ್ಟ ಕೊಬ್ಬಿಗೆ ಕೈ ಹಾಕುತ್ತದೆ, ಹಸಿದು ಕಸರತ್ತು ಮಾಡುವವರಿಗೆ ಅದು ನಿಧಾನವಾಗಿ ಅಭ್ಯಾಸವಾಗುತ್ತದೆ, ಬಲ ಅಷ್ಟೇನೂ ಕುಗ್ಗುವುದಿಲ್ಲ ಎಂದಿತ್ತು. ಅವನು ಅದನ್ನು ಗೋದಾಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ.

“ನಮ್ಮಪ್ಪ ಇದನ್ನ ಪೇಪರ್ ಇಲ್ದೆ ಹೇಳ್ತಿದ್ದ,” ಎಂದ ಫಾಜಿಲ್. “ನೀರಿನ ವಿಷಯ ಎಂತ ಬರೆದಿದಾರೆ?”

“ಅದು ಮುಂದಿನ ಪುಟದಲ್ಲಿ ಇರಬೇಕು,” ಎಂದ ರಘುಪತಿ. ಅಷ್ಟರಲ್ಲಿ ಅಡಿಕೆ ಲಾರಿ ಬಂತು. ಮುಂದಿನ ಪುಟ ಓದಲಿಲ್ಲ.

ಹನ್ನೊಂದು ದಿನ ಬಿಟ್ಟು ಮತ್ತೆ ತೂಗಿದರು. ಉಳಿದವರು ಅರ್ಧರ್ಧ ಕಿಲೋ ಇಳಿದಿದ್ದರು, ಬೂತಪ್ಪ ಮುಕ್ಕಾಲು ಕಿಲೋ ಏರಿದ್ದ. ಫಾಜಿಲ್ ತಕ್ಕಡಿ ಹತ್ತಿದಾಗ ರಘುಪತಿ ಗುಂಡನ್ನು ಎರಡು ಸಲ ಸರಿಸಿ ನೋಡಿದ. ಎಂಬತ್ತೆರಡು ಇದ್ದವನು ಎಂಬತ್ತೆರಡೂವರೆ ಆಗಿದ್ದ.

“ಎಂತ ಸಾಬ್ರೇ ಇದು!” ಎಂದ ಬೂತಪ್ಪ. “ಉಪವಾಸ ಅಂತ ಹೇಳಿ ಗೋದಾಮಲ್ಲಿ ಕೂತು ತಿಂತೀಯನಾ?”

“ನಮ್ಮಮ್ಮನ್ನ ಕೇಳಾ,” ಎಂದ ಫಾಜಿಲ್. ನಗುತ್ತಿದ್ದರೂ ಮುಖ ಸಣ್ಣಗಾಗಿತ್ತು.

ಅಮ್ಮನನ್ನು ಕೇಳುವುದೇನು, ರಘುಪತಿ ಕಣ್ಣಾರೆ ಕಂಡಿದ್ದ. ರಂಜಾನಿನಲ್ಲಿ ವಾರಕ್ಕೊಂದು ಸಂಜೆಯಾದರೂ ಗುಲ್ಜಾರ್ ಬೇಗಂ ಅವನನ್ನು ಊಟಕ್ಕೆ ಕೂರಿಸುತ್ತಿದ್ದರು. ಹಗಲೆಲ್ಲ ಭಾರ ಹೊತ್ತ ಮಗನಿಗೆ ಸಮೋಸ, ಖೀಮಾ, ಸಕ್ಕರೆ ತುಂಬಿದ ಶರಬತ್ತು. ತಟ್ಟೆ ಬರಿದಾಗುವುದಕ್ಕೆ ಬಿಡುತ್ತಿರಲಿಲ್ಲ. ತಿಂಗಳ ಉಪವಾಸದಲ್ಲಿ ಊರಿನ ಎಷ್ಟೋ ಜನ ಸಣ್ಣಗಾಗುವ ಬದಲು ದಪ್ಪಗಾಗುತ್ತಾರೆ ಎಂಬುದು ಫಾಜಿಲನ ಹೆಂಡತಿ ಸಬೀಹಾಗೂ ಗೊತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಮಾತ್ರ ಅದು ಇರಲಿಲ್ಲ.

“ಇನ್ನು ಹತ್ತು ದಿನ,” ಎಂದರು ಮೇಷ್ಟ್ರು. “ಆಗಲ್ಲ ಅಂದ್ರೆ ಈಗಲೇ ಹೇಳು ಫಾಜಿಲ್. ಹಿಂದೆ ಇನ್ಯಾರನ್ನಾದ್ರೂ ನಿಲ್ಲಿಸ್ತೀನಿ.”

ಫಾಜಿಲನಿಗೆ ಅದು ತಾಗಿತು. ಹದಿಮೂರನೇ ವಯಸ್ಸಿನಿಂದ ಜನ ಅವನನ್ನು ಕರೆದದ್ದು ಚೀಲ ಇಳಿಸುವುದಕ್ಕೆ, ಚೀಲ ಏರಿಸುವುದಕ್ಕೆ. ಹೆಸರು ಹಿಡಿದು, ಚಪ್ಪಾಳೆ ತಟ್ಟಿ ಕರೆದದ್ದು ಹಗ್ಗದ ಕೊನೆಯಲ್ಲಿ ನಿಂತಾಗ ಮಾತ್ರ. “ಬೇಡ ಮೇಷ್ಟ್ರೇ,” ಎಂದ. “ಇಳಿಸ್ತೀನಿ.”

ಮರುದಿನದಿಂದ ಅವನು ಮಂಡಿ ತೆರೆಯುವ ಮುಂಚೆಯೇ ಬಂದು ತಕ್ಕಡಿ ಹತ್ತತೊಡಗಿದ. ತೂಗುವವನು ರಘುಪತಿ. ಬೇರೆ ಯಾರೂ ಇರುತ್ತಿರಲಿಲ್ಲ. ಸಂಜೆ ಮೂರು ಖರ್ಜೂರ, ಅರ್ಧ ರೊಟ್ಟಿಗೆ ಊಟ ಮುಗಿಸುತ್ತಿದ್ದ. ಹೊಟ್ಟೆ ಸರಿ ಇಲ್ಲ ಎಂದು ಅಮ್ಮನಿಗೆ ಸುಳ್ಳು. ಎಂಬತ್ತೊಂದೂವರೆ. ಎಂಬತ್ತೊಂದು. ಬೆಳಗಿನ ಜಾವದ ಊಟವನ್ನೂ ಬಿಟ್ಟ. ಎಂಬತ್ತು. ಅಲ್ಲಿಗೆ ಬಂದು ತೂಕ ನಿಂತುಬಿಟ್ಟಿತು. ಎರಡು ದಿನ ಇಳಿಯಲೇ ಇಲ್ಲ. ಮೂರನೆಯ ದಿನ ಇದ್ದಕ್ಕಿದ್ದ ಹಾಗೆ ಒಂದು ಕಿಲೋಗಿಂತ ಹೆಚ್ಚು ಇಳಿದಿತ್ತು.

“ಭೇಷ್! ಎಂತ ಮಾಡಿದೆ ಮಾರಾಯ?” ಎಂದ ರಘುಪತಿ.

“ನೀರು ಕಡಿಮೆ ಮಾಡಿದೆ.”

“ಎಷ್ಟು?”

“ಸಂಜೆ ಒಂದು ಲೋಟ. ಬೆಳಗಿನ ಜಾವ ಬಾಯಿ ಮುಕ್ಕಳಿಸಿದ್ದು ಅಷ್ಟೇ.”

ಎಂಟು ಚೊಂಬಿನ ಲೆಕ್ಕ ರಘುಪತಿಗೆ ಬಾಯಿಪಾಠ ಬರುತ್ತಿತ್ತು. ಆ ಕ್ಷಣದಲ್ಲಿ ಅದು ನೆನಪಾಗಲಿಲ್ಲ ಎಂದೇನೂ ಅಲ್ಲ. ನೆನಪಾಯಿತು. ಆದರೆ ತೂಕ ಇಳಿದದ್ದು ನೋಡಿ ಅವನಿಗೆ ಖುಷಿಯಾಗಿತ್ತು. “ಇನ್ನು ಒಂದು ಕಿಲೋನೂ ಇಲ್ಲ,” ಎಂದ. “ಮೂರು ದಿನ ತಡ್ಕೋ.”

ಫಾಜಿಲ್ ತಕ್ಕಡಿಯಿಂದ ಇಳಿದು ಅಂಗಿ ಹಾಕಿಕೊಂಡ. ತುಟಿ ಒಡೆದಿತ್ತು. ಸೊಂಟದ ನೋವಿಗೆಂದು ಹಮಾಲಿಗಳೆಲ್ಲ ನುಂಗುವ ಮಾತ್ರೆಯನ್ನು ಅವನು ಈಗ ಬೆಳಗಿನ ಜಾವ ಎರಡೆರಡು ನುಂಗುತ್ತಿದ್ದ.

“ರಘು,” ಎಂದ. “ಒಂದು ಕೇಳ್ತೀನಿ. ನಾನು ಈಗ ಹಿಡಿದಿರೋದು ರೋಜಾನಾ, ಇಲ್ಲ ಈ ತಕ್ಕಡಿಗೆ ಹಿಡಿದಿರೋ ಉಪವಾಸವಾ?”

“ಎರಡೂ ಒಂದೇ ಅಲ್ಲನಾ?”

“ಅಲ್ಲ. ಮನಸ್ಸಲ್ಲಿ ಎಂತ ಇದೆ ಅನ್ನೋದು ಮುಖ್ಯ. ನಿನ್ನೆ ಸಂಜೆ ಪ್ರಾರ್ಥನೆಗೆ ನಿಂತಾಗ ನಂಗೆ ಬರೀ ಎಪ್ಪತ್ತೆಂಟು, ಎಪ್ಪತ್ತೆಂಟು ಅಂತ ಬರ್ತಿತ್ತು.”

“ಪುಣ್ಯಾನೂ ಬರುತ್ತೆ, ಕಪ್ಪೂ ಬರುತ್ತೆ. ತಲೆ ಕೆಡಿಸ್ಕೊಬೇಡ ಹೋಗಾ,” ಎಂದು ನಕ್ಕ ರಘುಪತಿ.

ಫಾಜಿಲ್ ನಗಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಭಾನುವಾರ ಬೂತಪ್ಪನ ಜೀಪಿನಲ್ಲೇ ಎಲ್ಲರೂ ನರಸಿಂಹರಾಜಪುರಕ್ಕೆ ಹೋದರು. ಹನ್ನೆರಡು ಗಂಟೆಗೆ ತೂಕ. ಜಯಪುರ ತಂಡ: ಐನೂರ ಐವತ್ತೊಂಬತ್ತೂ ಮುಕ್ಕಾಲು. ಫಾಜಿಲ್ ಎಪ್ಪತ್ತೇಳೂ ಮುಕ್ಕಾಲು. ಮೇಷ್ಟ್ರು ಅವನನ್ನು ತಬ್ಬಿಕೊಂಡು ಎತ್ತಲು ನೋಡಿದರು. ತೂಕ ಮುಗಿದದ್ದೇ ಉಳಿದವರೆಲ್ಲ ಹೋಟೆಲಿಗೆ ನುಗ್ಗಿ ಇಡ್ಲಿ ವಡೆ ತಿಂದು, ಲೋಟಗಟ್ಟಲೆ ನೀರು, ಮಜ್ಜಿಗೆ ಕುಡಿದು ಬಂದರು. ಫಾಜಿಲ್ ಮೈದಾನದ ಅಂಚಿನಲ್ಲಿ ಹೊಂಗೆಯ ನೆರಳಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದ. ಮಳೆ ಹಿಂದೆ ಸರಿದ ಮೇಲಿನ ಬಿಸಿಲು. ಚುರುಗುಟ್ಟುತ್ತಿತ್ತು.

ಮೊದಲ ಸುತ್ತು ಸುಲಭವಾಗಿ ಬಂತು. ಎರಡನೆಯದರಲ್ಲಿ ಎದುರಾದವರು ಕರಾವಳಿಯ ಕಡೆಯವರು, ಬಿಟ್ಟುಕೊಡುವ ಪೈಕಿ ಅಲ್ಲ. ಒಂದೊಂದು ಗೆದ್ದು ಮೂರನೆಯ ಎಳೆತಕ್ಕೆ ಹೋಯಿತು. ಎಲ್ಲರಿಗಿಂತ ಮುಂದೆ ನಿಂತ ರಘುಪತಿಗೆ ಫಾಜಿಲ್ ಕಾಣುತ್ತಿರಲಿಲ್ಲ. ಆದರೆ ಅವನು ಹೇಗಿದ್ದಾನೆಂದು ಹಗ್ಗವೇ ಹೇಳುತ್ತಿತ್ತು. ಎಂದಿನಂತೆ ಹಿಂದೆ ಒಂದು ಬಂಡೆ ಕೂತ ಹಾಗಿರಲಿಲ್ಲ. ಹಗ್ಗ ಸಣ್ಣಗೆ ನಡುಗುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಆದರೂ ಗೆದ್ದರು.

ಫೈನಲ್ ಶುರುವಾದಾಗ ಐದು ಗಂಟೆ. ಅದಕ್ಕೆ ಮುಂಚೆ ಮೇಷ್ಟ್ರು ಫಾಜಿಲನ ಮುಂದೆ ಮಂಡಿಯೂರಿ ಕೂತು ತೊಡೆ ತಿಕ್ಕಿದರು. ತೊಡೆಯ ಮಾಂಸ ಕಲ್ಲಾಗಿತ್ತು.

“ಒಂದು ಗುಟುಕು ಕುಡಿಯಾ ಮಾರಾಯ. ನಿಮ್ಮ ದೇವರು ಬೇಡ ಅನ್ನಲ್ಲ.”

“ಇನ್ನೊಂದು ಗಂಟೆ ಮೇಷ್ಟ್ರೇ,” ಎಂದ ಫಾಜಿಲ್. ರಘುಪತಿಯನ್ನು ನೋಡಿ ತಗ್ಗಿದ ದನಿಯಲ್ಲಿ ಸೇರಿಸಿದ: “ಹತ್ತು ದಿನ ತಕ್ಕಡಿಗೆ ಕೊಟ್ಟೆ. ಇವತ್ತಿಂದು ಒಂದಾದ್ರೂ ಮೇಲಿನವನಿಗೆ ಇರಲಿ.”

ಫೈನಲ್ಲೂ ಮೂರನೆಯ ಎಳೆತಕ್ಕೆ ಹೋಗಿ, ಅದೊಂದೇ ಆರು ನಿಮಿಷ ನಡೆಯಿತು. ಸೀಟಿ ಊದಿದಾಗ ಎದುರಿನವರು ಗೆರೆ ದಾಟಿ ಬಿದ್ದಿದ್ದರು. ಜನ ನುಗ್ಗಿ ಬಂದರು. ರಘುಪತಿ ತಿರುಗಿ ನೋಡಿದರೆ ಫಾಜಿಲ್ ಹಗ್ಗ ಸುತ್ತಿಕೊಂಡೇ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು. ಕೈ ಎತ್ತಿ, “ಹಗ್ಗ ಬಿಚ್ಚಾ, ಬೆರಳು ಬರ್ತಿಲ್ಲ,” ಎಂದ. ಮಸೀದಿಯ ಕೂಗು ಕೇಳಿದ ಮೇಲೆ ಒಂದು ಖರ್ಜೂರ ಬಾಯಿಗಿಟ್ಟು ನೀರು ಕುಡಿದ. ಕುಡಿದದ್ದೆಲ್ಲ ವಾಂತಿಯಾಯಿತು. ಜೀಪಿನಲ್ಲಿ ಎಲ್ಲರೂ ಹಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಮಂಡಿಯ ಫೋನಿಗೆ ಫಾಜಿಲನ ಕರೆ ಬಂತು.

“ರಘು, ಎದ್ದು ನಿಲ್ಲೋಕೆ ಆಗ್ತಿಲ್ಲ. ಮತ್ತೆ... ಮೂತ್ರ ಕಾಫಿ ಡಿಕಾಕ್ಷನ್ ಹಂಗೆ ಬಂತು ಮಾರಾಯ.”

“ಉಷ್ಣ ಆಗಿದೆ ಅಷ್ಟೇ. ಎಳನೀರು ಕುಡಿ, ಸರಿ ಹೋಗುತ್ತೆ.”

“ರೋಜಾ ಹಿಡಿದಿದೀನಿ. ಸಂಜೆ ಕುಡೀತೀನಿ.”

“ಹಾಗಾದ್ರೆ ಸಂಜೆ ಕುಡಿ,” ಎಂದ ರಘುಪತಿ.

ಮೈ ಬಿಸಿಯಾದರೆ, ಮೂತ್ರ ಕೆಂಪಾದರೆ ಉಷ್ಣ ಎನ್ನುವುದು, ಎಳನೀರು ಕುಡಿ ಎನ್ನುವುದು ಅಲ್ಲಿ ಎಲ್ಲರೂ ಆಡುವ ಮಾತು. ರಘುಪತಿ ಯೋಚಿಸಿ ಹೇಳಿದ್ದಲ್ಲ. ಗೆದ್ದು ತಂದ ಕಪ್ಪನ್ನು ಎಲ್ಲಿಡುವುದು ಎಂಬ ಚರ್ಚೆ ಮಂಡಿಯಲ್ಲಿ ನಡೆದಿತ್ತು, ಅವನ ಒಂದು ಕಿವಿ ಅಲ್ಲಿತ್ತು.

ಮೂರನೆಯ ದಿನಕ್ಕೆ ಫಾಜಿಲನ ಪಾದ, ಮುಖ ಊದಿಕೊಂಡವು. ಮೂತ್ರ ನಿಂತೇಹೋಯಿತು. ಕೊಪ್ಪದ ಡಾಕ್ಟರು ನೋಡಿದವರೇ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಬಿಡಿಸಿ ಹೇಳಿದರು. ಮೈಮೀರಿ ಎಳೆದದ್ದರಿಂದ ಮಾಂಸಖಂಡ ಒಡೆದು ಅದರ ಕಸ ರಕ್ತಕ್ಕೆ ಸೇರಿದೆ. ಅದನ್ನು ತೊಳೆದು ಹೊರಹಾಕಲು ಮೈಯಲ್ಲಿ ನೀರಿರಲಿಲ್ಲ. ನೋವಿನ ಮಾತ್ರೆಗಳು ಬೇರೆ. ಮೂತ್ರಪಿಂಡ ಕೈಕೊಟ್ಟಿದೆ.

“ರೋಜಾ ಹಿಡಿದೇ ಮೈಮುರಿದು ದುಡಿಯೋರು ಎಷ್ಟೋ ಜನ ಇದಾರೆ. ಎಲ್ಲರಿಗೂ ಹೀಗೆ ಆಗಲ್ಲ,” ಎಂದರು ಡಾಕ್ಟರು. “ಇವರು ರಾತ್ರಿ ಹೊತ್ತು ಎಷ್ಟು ನೀರು ಕುಡೀತಿದ್ರು? ಯಾರಿಗಾದ್ರೂ ಗೊತ್ತಾ?”

ಮಂಚದ ಆ ಕಡೆ ಗುಲ್ಜಾರ್ ಬೇಗಂ, ಪಕ್ಕದಲ್ಲಿ ಸಬೀಹಾ. ಈ ಕಡೆ ರಘುಪತಿ. ಡಾಕ್ಟರು ಅವನನ್ನೇ ನೋಡಿದರು.

“ಗೊತ್ತಿಲ್ಲ ಸರ್,” ಎಂದ.

ಮಂಚದ ಮೇಲಿದ್ದ ಫಾಜಿಲ್ ಕಣ್ಣು ತೆರೆದು ಅವನನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ. ಅಮ್ಮನ ಕಿವಿಗೆ ಬಿದ್ದದ್ದು ರೋಜಾ ಎಂಬ ಒಂದು ಮಾತು. ಅದೇ ಊರಿಗೂ ಬಂತು.

ಹೀಗೆ ಹಾಳಾದ ಮೂತ್ರಪಿಂಡ ಎಷ್ಟೋ ಜನರಿಗೆ ಮತ್ತೆ ಸರಿಹೋಗುತ್ತದಂತೆ. ಫಾಜಿಲನಿಗೆ ಹೋಗಲಿಲ್ಲ. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿ ಯಂತ್ರದಲ್ಲಿ ರಕ್ತ ಸೋಸಿಸಿಕೊಂಡು ಬರಬೇಕಾಯಿತು. ಅದರಲ್ಲಿ ಒಂದು ಸಲ ರಘುಪತಿ ರಜೆ ಹಾಕಿ ಜೊತೆಗೆ ಹೋಗುತ್ತಿದ್ದ. ವಾಪಸು ಬಂದ ಮೇಲೆ ಅವರ ಮನೆಯಲ್ಲೇ ಊಟ. ಗುಲ್ಜಾರ್ ಬೇಗಂ ಕೈಯಾರೆ ಬಡಿಸಿ, “ನೀನೂ ನನ್ನ ಮಗನೇ ರಘು,” ಎನ್ನುತ್ತಿದ್ದರು.  ರಘುಪತಿ ತಟ್ಟೆ ಬರಿದು ಮಾಡಿ ಏಳುತ್ತಿದ್ದ.

ಫಾಜಿಲ್ ಮತ್ತೆ ಚೀಲ ಹೊರಲಿಲ್ಲ. ಸಬೀಹಾ ಹೊಲಿಗೆ ಮೆಷಿನ್ ಹಾಕಿಕೊಂಡಳು, ಅವನು ಗುಂಡಿ ಹೊಲಿದು ಕೊಡುತ್ತಿದ್ದ. ದಿನಕ್ಕೆ ನಾಲ್ಕು ಸಣ್ಣ ಲೋಟ ನೀರು ಮಾತ್ರ ಕುಡಿಯಬೇಕೆಂದು ಡಾಕ್ಟರು ಕಟ್ಟು ಹಾಕಿದ್ದರು. ಮೈಯಿಂದ ನೀರು ಹೋಗುವ ದಾರಿಯೇ ಇರಲಿಲ್ಲವಲ್ಲ. ರಂಜಾನ್ ಬಂದಾಗ ಹೊತ್ತು ಹೊತ್ತಿಗೆ ಮಾತ್ರೆ ನುಂಗಬೇಕಾಗಿದ್ದರಿಂದ ರೋಜಾ ಹಿಡಿಯುವಂತಿರಲಿಲ್ಲ. “ಈಗ ನಂಗೆ ವರ್ಷವೆಲ್ಲ ಬಾಯಾರಿಕೆ, ರೋಜಾ ಮಾತ್ರ ಇಲ್ಲ,” ಎಂದು ನಗುತ್ತಿದ್ದ. ಅವನ ಆ ನಗು ನೋಡುವುದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಒಂದು ಸಲ ಬಸ್ಸು ತೀರ್ಥಹಳ್ಳಿ ದಾಟಿದ ಮೇಲೆ ಅವನೇ ಮಾತು ತೆಗೆದ.

“ಅವತ್ತು ಡಾಕ್ಟ್ರಿಗೆ ಗೊತ್ತಿಲ್ಲ ಅಂದ್ಯಲ್ಲ.”

ರಘುಪತಿ ಎದುರಿನ ಸೀಟಿನ ಸರಳು ಹಿಡಿದು ಕೂತ.

“ನಾನೂ ಹೇಳಲ್ಲ ಬಿಡು. ಅಮ್ಮಂಗೆ ಗೊತ್ತಾದ್ರೆ ನಿನ್ನ ಬಾಗಿಲೊಳಗೆ ಬಿಡಲ್ಲ. ಆಮೇಲೆ ಈ ದರಿದ್ರ ಬಸ್ಸಿಗೆ ನಂಗೆ ಜೊತೆ ಯಾರು?” ಎಂದ. “ಆದ್ರೆ ಒಂದು ಮಾತು. ರೋಜಾ ನನ್ನ ಹಾಳು ಮಾಡ್ತು ಅಂತಾರಲ್ಲ, ಅದು ಕೇಳೋಕಾಗಲ್ಲ ಮಾರಾಯ. ನಮ್ಮಪ್ಪ ನಲವತ್ತು ವರ್ಷ ಹಿಡಿದು ಹೊತ್ತ. ನಾನು ಇಪ್ಪತ್ತು ವರ್ಷ ಹೊತ್ತೆ. ನೀರು ಬಿಟ್ಟಿದ್ದು ನಾನು. ಯಾಕೆ ಬಿಟ್ಟೆ ಅಂತ ನಿಂಗೆ ಗೊತ್ತು.”

“ಹೇಳ್ತೀನಿ,” ಎಂದ ರಘುಪತಿ. “ಎಲ್ಲರಿಗೂ ಹೇಳ್ತೀನಿ.”

“ನಾನಿರೋವರೆಗೆ ಬೇಡ.”

ಆ ಮಾತು ರಘುಪತಿಗೆ ಒಳ್ಳೆಯ ಆಸರೆಯಾಯಿತು. ಅವನು ಬೇಡವೆಂದಿದ್ದಾನೆ, ಹಾಗಾಗಿ ಹೇಳುತ್ತಿಲ್ಲ ಎಂದು ಎರಡು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ, ಶಿವಮೊಗ್ಗದ ಆಸ್ಪತ್ರೆಯಲ್ಲೇ, ಯಂತ್ರಕ್ಕೆ ಜೋಡಿಸುವ ಮುಂಚೆ ಫಾಜಿಲನ ಹೃದಯ ನಿಂತಿತು. ಅವತ್ತು ಜೊತೆಗಿದ್ದವಳು ಸಬೀಹಾ. ಮಣ್ಣು ಮಾಡಿ ಬಂದ ದಿನವೂ ರಘುಪತಿ ಸುಮ್ಮನಿದ್ದ. ಆಗ ಮಾತ್ರ ಅವನಿಗೆ ಯಾವ ನೆಪವೂ ಉಳಿದಿರಲಿಲ್ಲ.

ರಂಜಾನಿನ ಎಂಟನೆಯ ದಿನ, ಮಧ್ಯಾಹ್ನ ಎರಡರ ಹೊತ್ತಿಗೆ, ಆಸ್ಪತ್ರೆಯ ಕಾಗದಗಳನ್ನು ಕೊಟ್ಟುಬರಲು ಅವನು ಆ ಮನೆಗೆ ಹೋದ. ಗುಲ್ಜಾರ್ ಬೇಗಂ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಚಾ ಲೋಟ. ಅರ್ಧ ಕುಡಿದಿತ್ತು. ರಘುಪತಿಯ ಕಣ್ಣು ಅಲ್ಲಿಗೆ ಹೋದದ್ದನ್ನು ಅವರು ನೋಡಿದರು.

“ಹೌದು, ಕುಡೀತಿದೀನಿ. ಜನ ನೋಡ್ಲಿ. ಈ ವರ್ಷ ಒಂದೂ ಹಿಡಿದಿಲ್ಲ.”

“ಮೈ ಹುಷಾರಿಲ್ವಾ ಅಮ್ಮಾ?”

“ಮೈಗೆ ಎಂತ ಆಗಿದೆ? ಗಟ್ಟಿ ಇದೀನಿ, ಮಗ ಹೋದ್ರೂ ಗಟ್ಟಿ ಇದೀನಿ.” ಅವರ ದನಿ ಏರುತ್ತಾ ಹೋಯಿತು. “ಹನ್ನೊಂದನೇ ವಯಸ್ಸಿಗೆ ಅವನಿಗೆ ರೋಜಾ ಹಿಡಿಸಿದ್ದು ನಾನೇ. ಅವರಪ್ಪ ಇನ್ನೂ ಸಣ್ಣವನು ಬಿಡು ಅಂದ್ರು, ನಾನು ಬಿಡಲಿಲ್ಲ. ಮಧ್ಯಾಹ್ನ ನೀರು ಬೇಕು ಅಂತ ಅತ್ತ. ಸಂಜೆ ಆಗ್ಲಿ ಅಂತ ಕೂರಿಸಿದೆ. ಅವನಿಗೆ ಹಟ ಕಲಿಸಿದ್ದೇ ನಾನು. ಅದೇ ಹಟ ಅವನ್ನ ತಿಂತು. ಇನ್ನು ಯಾವ ಬಾಯಲ್ಲಿ ನಾನು ಉಪವಾಸ ಹಿಡೀಲಿ ಹೇಳು?”

ಒಳಗೆ ಹೊಲಿಗೆ ಮೆಷಿನಿನ ಸದ್ದು ನಿಂತಿತು.

ರಘುಪತಿ ಮೆಟ್ಟಿಲ ಮೇಲೆ ಕೂತ. ಹೇಗೆ ಶುರು ಮಾಡಬೇಕೆಂದು ಮೂರು ವರ್ಷ ಯೋಚಿಸಿದ್ದ. ಈಗ ಅದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ. ತೂಕದ ನಿಯಮ, ಚೀಟಿ, ಅವನ ಪಾಲಿಗೆ ಹಾಕಿದ ನಾಲ್ಕು ಕಿಲೋ, ದಿನಾ ಬೆಳಗಿನ ತಕ್ಕಡಿ, ಹೊಟ್ಟೆ ಸರಿ ಇಲ್ಲವೆಂಬ ಸುಳ್ಳು, ಎಲ್ಲವನ್ನೂ ಬಂದ ಹಾಗೆ ಹೇಳಿದ. ಕೊನೆಗೆ ನೀರಿನ ವಿಷಯ ಹೇಳಿದ.

ಗುಲ್ಜಾರ್ ಬೇಗಂ ಚಾ ಲೋಟವನ್ನು ದೂರ ಸರಿಸಿದರು.

“ಎಷ್ಟು ದಿನ?”

“ಊಟ ಬಿಟ್ಟಿದ್ದು ಹತ್ತು ದಿನ. ನೀರು ಕೊನೇ ಮೂರು ನಾಲ್ಕು ದಿನ.”

“ನಾನು ಚೊಂಬು ತುಂಬಿಸಿ ತಲೆದೆಸೆಗೆ ಇಡ್ತಿದ್ದೆ. ಬೆಳಿಗ್ಗೆ ಖಾಲಿ ಇರ್ತಿತ್ತು.”

“ಚೆಲ್ತಿದ್ದ ಅಂತ ಕಾಣ್ಸುತ್ತೆ ಅಮ್ಮಾ.”

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ಬೇಡ ಅನ್ನಲಿಲ್ಲ.”

“ಇಲ್ಲ. ತಡ್ಕೋ ಅಂದೆ.”

ಬಾಗಿಲಲ್ಲಿ ಸಬೀಹಾ ಬಂದು ನಿಂತಿದ್ದಳು. ಕೈಯಲ್ಲಿ ಅರ್ಧ ಹೊಲಿದ ಅಂಗಿ. ಗುಲ್ಜಾರ್ ಬೇಗಂ ರಘುಪತಿಯ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು.

“ಮೂರು ವರ್ಷ ಈ ಮನೇಲಿ ಊಟ ಮಾಡಿದ್ಯಲ್ಲ ರಘು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಆಸ್ಪತ್ರೇಲಿ ಆ ಡಾಕ್ಟ್ರು ನಿನ್ನೇ ಕೇಳಿದ್ರು. ನಾನು ಅಲ್ಲೇ ಇದ್ದೆ. ನೀನು ಗೊತ್ತಿಲ್ಲ ಅಂದೆ. ಮೂರು ವರ್ಷ ನಾನು ತಪ್ಪನ್ನ ನನ್ನ ದೇವರ ಮೇಲೆ ಹಾಕಿದ್ದೆ.”



“ಏಳು. ಹೋಗು.”

ಕಾಗದಗಳನ್ನು ಜಗಲಿಯ ಮೇಲಿಟ್ಟು ಎದ್ದ. ಅವತ್ತು ಸಂಜೆಯೇ ಮೇಷ್ಟ್ರ ಮನೆಗೆ ಹೋಗಿ ಅವರಿಗೂ ಹೇಳಿದ, ಮರುದಿನ ಬೂತಪ್ಪನಿಗೆ ಹೇಳಿದ. ಮೇಷ್ಟ್ರು, “ನಂಗೆ ನೀರಿನ ವಿಷಯ ಗೊತ್ತಿರಲಿಲ್ಲ ರಘು, ಆಣೆ ಮಾಡ್ತೀನಿ,” ಎಂದು ಮುಖ ಮುಚ್ಚಿಕೊಂಡರು. ಬೂತಪ್ಪ ಕೇಳಿ ಮುಗಿಸಿ ಜೀಪು ಹತ್ತಿ ಹೊರಟುಹೋದ.

ನಾಲ್ಕನೆಯ ದಿನ ಸಬೀಹಾ ಮಂಡಿಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ರಘುಪತಿಯೇ ಹೊರಗೆ ಹೋದ.

“ಅಮ್ಮ ರೋಜಾ ಹಿಡಿದಿದಾರೆ ರಘಣ್ಣ,” ಎಂದಳು. “ನೀವು ಬಂದುಹೋದ ಮಾರನೇ ದಿನದಿಂದ. ಬಿಟ್ಟುಹೋದ ಎಂಟನ್ನ ಹಬ್ಬ ಆದ ಮೇಲೆ ಹಿಡಿದು ತೀರಿಸ್ತಾರಂತೆ.”

“ಒಳ್ಳೇದಾಯ್ತು.”

“ನಿಮ್ಮನ್ನ ಇನ್ನು ಮನೆಗೆ ಬರಬೇಡಿ ಅಂತ ಹೇಳು ಅಂದ್ರು.”

“ನೀನೆಂತ ಹೇಳ್ತಿ ಸಬೀಹಾ?”

ಅವಳು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಮೂರು ವರ್ಷ ಬಸ್ಸಿಗೆ ಬುತ್ತಿ ಕಟ್ಟಿಕೊಟ್ಟವಳು.

“ಅವರು ಇದ್ದಾಗ ಹೇಳಿದ್ರೆ, ರೋಜಾ ಹಿಡಿಸಿದ್ದು ನಾನೇ ಅಂತ ಅಮ್ಮ ಮೂರು ವರ್ಷ ಅವರ ಎದುರಿಗೆ ಅಳ್ತಿರಲಿಲ್ಲ,” ಎಂದಳು. “ನಾನೂ ಅದನ್ನೇ ಹೇಳೋಕೆ ಬಂದೆ. ಬರಬೇಡಿ.”

ಅವಳು ರಸ್ತೆ ದಾಟಿ ಹೋದಳು. ಒಳಗೆ ಅಡಿಕೆಯವರು ತೂಕಕ್ಕೆ ಕಾಯುತ್ತಿದ್ದರು, ಯಾರೋ ಅವನ ಹೆಸರು ಕೂಗಿದರು. ರಘುಪತಿ ಒಳಗೆ ಹೋಗಿ ತಕ್ಕಡಿಯ ಗುಂಡಿಗೆ ಕೈ ಹಾಕಿದ.